ಅನಿಲವೊಂದಕ್ಕೆ ಕ್ಯಾನ್ಸರ್‌ಕಾರಕ ಮುದ್ರೆ ಬಿದ್ದ ಬಗೆ

2020ರ ಸೆಪ್ಟೆಂಬರಿನಲ್ಲಿ ಬೆಲ್ಜಿಯಂ ದೇಶದ ಆಹಾರ ಅಧಿಕಾರಿಗಳು ಯುರೋಪಿನ ಉಳಿದ ದೇಶಗಳಿಗೆಲ್ಲ ಒಂದು ಎಚ್ಚರಿಕೆ ರವಾನಿಸಿದರು. ಭಾರತದಿಂದ ಬಂದ ಎಳ್ಳಿನಲ್ಲಿ ಎಥಿಲೀನ್ ಆಕ್ಸೈಡ್ ಎಂಬ ಅನಿಲದ ಅಂಶ ಸಿಕ್ಕಿತ್ತು. ಎಳ್ಳು, ಮೆಣಸಿನಕಾಯಿ, ಸಾಂಬಾರ ಪುಡಿಗಳಲ್ಲಿ ಸಾಲ್ಮೊನೆಲ್ಲಾದಂಥ ರೋಗಾಣು ಉಳಿಯದಿರಲಿ ಎಂದು ಮೂಟೆಗಳಿಗೆ ಈ ಅನಿಲ ಹಾಯಿಸುವ ರೂಢಿ ಹಲವು ಕಡೆ ಇದೆ. ಮುಂದಿನ ತಿಂಗಳುಗಳಲ್ಲಿ ಯುರೋಪಿನ ಅಂಗಡಿಗಳಿಂದ ಎಳ್ಳು ಉದುರಿಸಿದ ಬ್ರೆಡ್ಡು, ಬಿಸ್ಕತ್ತು, ಕುರುಕಲು ತಿಂಡಿ ಹೀಗೆ ಸಾವಿರಾರು ಬಗೆಯ ತಿನಿಸು ವಾಪಸಾದವು. ಭಾರತದಿಂದ ಬರುವ ಎಳ್ಳಿನ ಸರಕಿನಲ್ಲಿ ಅರ್ಧದಷ್ಟನ್ನು ಗಡಿಯಲ್ಲೇ ಪರೀಕ್ಷಿಸಬೇಕೆಂದು ಅಕ್ಟೋಬರಿನಲ್ಲಿ ಆದೇಶ ಹೊರಟಿತು.

ಯುರೋಪಿನಲ್ಲಿ ಒಂದು ಕಿಲೋ ಎಳ್ಳಿನಲ್ಲಿ ಈ ಅನಿಲದ ಅಂಶ 0.05 ಮಿಲಿಗ್ರಾಂ ದಾಟುವಂತಿಲ್ಲ. ಅಮೆರಿಕದಲ್ಲಿ ಅದೇ ಒಂದು ಕಿಲೋ ಎಳ್ಳಿನಲ್ಲಿ 7 ಮಿಲಿಗ್ರಾಂವರೆಗೆ ಇರಬಹುದು. 140 ಪಟ್ಟು ವ್ಯತ್ಯಾಸ. ಅಮೆರಿಕದವರು ಈ ಅನಿಲವನ್ನು ಅಷ್ಟೇನೂ ಅಪಾಯಕಾರಿ ಎಂದು ತಿಳಿದಿಲ್ಲವೇನೋ ಅಂತ ಅನ್ನಿಸುವುದು ಸಹಜ. ಅಧಿಕೃತ ಪಟ್ಟಿಗಳನ್ನು ತೆರೆದು ನೋಡಿದರೆ ಕಾಣುವುದು ಇದಕ್ಕೆ ತದ್ವಿರುದ್ಧ. ಅಮೆರಿಕ ಸರ್ಕಾರದ ಪಟ್ಟಿಯಲ್ಲಿ ಎಥಿಲೀನ್ ಆಕ್ಸೈಡ್ ‘ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆಂದು ಖಚಿತವಾಗಿ ಗೊತ್ತಿರುವ’ ವಸ್ತು. ಯುರೋಪಿನ ಪಟ್ಟಿಯಲ್ಲಿ ಅದು ಒಂದು ಮೆಟ್ಟಿಲು ಕೆಳಗಿದೆ, ‘ತರುತ್ತದೆಂದು ಭಾವಿಸಬೇಕಾದ’ ವಸ್ತುಗಳ ಸಾಲಿನಲ್ಲಿ. ಹೆಚ್ಚು ಖಚಿತವಾಗಿ ಹೇಳಿದವರು ಹೆಚ್ಚು ಸಡಿಲ ಬಿಟ್ಟಿದ್ದಾರೆ. ಕಡಿಮೆ ಖಚಿತವಾಗಿ ಹೇಳಿದವರು ಬಾಗಿಲು ಮುಚ್ಚಿದ್ದಾರೆ.

ಇದರಲ್ಲಿ ಯಾರ ತಪ್ಪೂ ಇಲ್ಲ. ಈ ಪಟ್ಟಿಗಳು ಹೇಗೆ ತಯಾರಾಗುತ್ತವೆ, ಯಾವ ಪ್ರಶ್ನೆಗೆ ಉತ್ತರ ಕೊಡುತ್ತವೆ, ಯಾವುದಕ್ಕೆ ಕೊಡುವುದಿಲ್ಲ ಎಂದು ಗೊತ್ತಾದರೆ ಈ ಒಗಟು ಬಿಡಿಸಿಕೊಳ್ಳುತ್ತದೆ. ಅದಕ್ಕೆ ಈ ಒಂದೇ ಅನಿಲದ ಬೆನ್ನು ಹತ್ತಿ ಹೋಗೋಣ.

ಎಥಿಲೀನ್ ಆಕ್ಸೈಡನ್ನು 1859ರಲ್ಲಿ ಮೊದಲು ತಯಾರಿಸಿದವನು ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಷಾರ್ಲ್ ಅಡಾಲ್ಫ್ ವುರ್ಟ್ಸ್. ಎರಡು ಇಂಗಾಲ, ಒಂದು ಆಮ್ಲಜನಕ ಸೇರಿದ ಪುಟ್ಟ ತ್ರಿಕೋನ, ಸುತ್ತ ನಾಲ್ಕು ಜಲಜನಕ. ಇಂಗಾಲದ ಬಂಧಗಳು ಸಹಜವಾಗಿ ಇಷ್ಟು ಕಿರಿದಾದ ಕೋನಕ್ಕೆ ಬಗ್ಗುವಂಥವಲ್ಲ. ಬಲವಂತವಾಗಿ ಬಗ್ಗಿಸಿ ಕಟ್ಟಿದ ಬಿದಿರಿನ ಸೀಳಿನ ಹಾಗೆ ಆ ತ್ರಿಕೋನ ಬಿಚ್ಚಿಕೊಳ್ಳಲು ಸದಾ ತವಕಿಸುತ್ತಿರುತ್ತದೆ. ಬಿಚ್ಚಿಕೊಂಡ ಕೂಡಲೇ ಪಕ್ಕದಲ್ಲಿ ಸಿಕ್ಕ ಅಣುವಿಗೆ ಅಂಟಿಕೊಳ್ಳುತ್ತದೆ. ಆ ಅಣು ರೋಗಾಣುವಿನ ಡಿಎನ್‌ಎ ಆಗಿದ್ದರೆ ರೋಗಾಣು ಸಾಯುತ್ತದೆ. ಬಿಸಿ ತಾಗಿದರೆ ಹಾಳಾಗುವ ಪ್ಲಾಸ್ಟಿಕ್ ಸಿರಿಂಜು, ಕ್ಯಾತಿಟರು, ಹೃದಯದ ಸ್ಟೆಂಟುಗಳನ್ನು ರೋಗಾಣುಮುಕ್ತ ಮಾಡಲು ಇದಕ್ಕಿಂತ ಅನುಕೂಲವಾದ ವಿಧಾನ ಇನ್ನೂ ಸಿಕ್ಕಿಲ್ಲ. ಅಮೆರಿಕದಲ್ಲಿ ಬಳಕೆಯಾಗುವ ರೋಗಾಣುಮುಕ್ತ ವೈದ್ಯಕೀಯ ಸಾಧನಗಳಲ್ಲಿ ಅರ್ಧದಷ್ಟು, ಅಂದರೆ ವರ್ಷಕ್ಕೆ 2,000 ಕೋಟಿಗೂ ಹೆಚ್ಚು, ಈ ಅನಿಲದ ಕೋಣೆಯಿಂದಲೇ ಹೊರಬರುತ್ತವೆ.

ಆ ಅಣು ಮನುಷ್ಯನ ಡಿಎನ್‌ಎ ಆಗಿದ್ದರೆ? ಅಲ್ಲಿಗೂ ಅದು ಅಂಟುತ್ತದೆ. ಈ ಅನಿಲ ನೊಣಗಳ ವಂಶವಾಹಿಗಳನ್ನು ಕೆಡಿಸುತ್ತದೆಂದು ಸೋವಿಯತ್ ವಿಜ್ಞಾನಿ ಐಯೊಸಿಫ್ ರಾಪೊಪೋರ್ಟ್ 1948ರಲ್ಲೇ ತೋರಿಸಿದ್ದರು. ಇನ್ನೊಂದು ಕೆಟ್ಟ ಗುಣವೂ ಇದಕ್ಕಿದೆ. ಇದರ ಸಿಹಿವಾಸನೆ ಮೂಗಿಗೆ ತಿಳಿಯುವುದು ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಇದು ಕೆಲವು ನೂರು ಪಾಲು ಆದ ಮೇಲೆ. ಅಮೆರಿಕ 1984ರಲ್ಲಿ ಕಾರ್ಮಿಕರಿಗೆ ನಿಗದಿ ಮಾಡಿದ ಮಿತಿ ಹತ್ತು ಲಕ್ಷಕ್ಕೆ ಒಂದೇ ಒಂದು ಪಾಲು. ವಾಸನೆ ಬಂತು ಎಂದರೆ ಮಿತಿಯನ್ನು ನೂರಾರು ಪಟ್ಟು ದಾಟಿ ಆಗಿದೆ ಎಂದರ್ಥ.

ನೊಣಗಳ ಸುದ್ದಿ ಹೊರಬಂದು ಮೂರು ದಶಕಗಳಾದ ಮೇಲೆ ಸ್ವೀಡನ್ನಿನಿಂದ ಮೊದಲ ಮಾನವ ಪುರಾವೆ ಬಂತು. ಆಸ್ಪತ್ರೆಯ ಸಾಮಗ್ರಿಗಳನ್ನು ರೋಗಾಣುಮುಕ್ತ ಮಾಡುವ ಒಂದು ಚಿಕ್ಕ ಕಾರ್ಖಾನೆ. ಅಲ್ಲಿದ್ದದ್ದು 230 ಕಾರ್ಮಿಕರು. 1972ರಿಂದ 1977ರ ನಡುವೆ ಅವರಲ್ಲಿ ಮೂವರಿಗೆ ರಕ್ತದ ಕ್ಯಾನ್ಸರ್ ಬಂತು. ಅಷ್ಟು ಜನರಲ್ಲಿ ಆ ಅವಧಿಯಲ್ಲಿ ಸಹಜವಾಗಿ ಒಬ್ಬರಿಗೂ ಬರುವ ನಿರೀಕ್ಷೆ ಇರಲಿಲ್ಲ. 1979ರಲ್ಲಿ ವೈದ್ಯ ಕ್ರಿಸ್ಟರ್ ಹೋಗ್‌ಸ್ಟೆಟ್ ಮತ್ತು ಸಂಗಡಿಗರು ಇದನ್ನು ಪ್ರಕಟಿಸಿದರು. ಮೂರು ಜನ ಎಂದರೆ ಸಂಖ್ಯಾಶಾಸ್ತ್ರಕ್ಕೆ ಬಹಳ ಕಡಿಮೆ. ಕಾಕತಾಳೀಯ ಇರಬಹುದು ಎಂದು ವಾದಿಸಲು ಜಾಗ ಬಿಡುವಷ್ಟು ಕಡಿಮೆ.

ಆಮೇಲೆ ಇಲಿಗಳ ಸರದಿ. ಗಾಜಿನ ಕೋಣೆಗಳಲ್ಲಿ ದಿನಕ್ಕೆ ಆರು ಗಂಟೆ, ವಾರಕ್ಕೆ ಐದು ದಿನ, ಎರಡು ವರ್ಷ ಕಾಲ ಇಲಿಗಳಿಗೆ ಈ ಅನಿಲ ಬೆರೆತ ಗಾಳಿ ಕುಡಿಸಲಾಯಿತು. ಒಂದು ಗುಂಪಿಗೆ ಹತ್ತು ಲಕ್ಷಕ್ಕೆ 10 ಪಾಲು, ಇನ್ನೊಂದಕ್ಕೆ 33, ಮತ್ತೊಂದಕ್ಕೆ 100. ಎರಡು ವರ್ಷ ಎಂದರೆ ಇಲಿಗೆ ಹೆಚ್ಚುಕಡಿಮೆ ಪೂರ್ತಿ ಆಯುಷ್ಯ. ಅನಿಲ ಹೆಚ್ಚಿದಂತೆ ರಕ್ತದ ಕ್ಯಾನ್ಸರು, ಮಿದುಳಿನ ಗೆಡ್ಡೆ, ಹೊಟ್ಟೆಯ ಒಳಪೊರೆಯ ಗೆಡ್ಡೆಗಳು ಹೆಚ್ಚಿದವು. ಅಮೆರಿಕ ಸರ್ಕಾರದ ವಿಷಶಾಸ್ತ್ರ ಕಾರ್ಯಕ್ರಮ 1987ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಸುಂಡಿಲಿಗಳ ಶ್ವಾಸಕೋಶದಲ್ಲೂ ಗೆಡ್ಡೆ ಕಂಡಿತು.

ಹಾಗಾದರೆ ತೀರ್ಪು ಸುಲಭ ಅಲ್ಲವೇ? ಅಲ್ಲ. 1991ರಲ್ಲಿ ಅಮೆರಿಕದ 14 ಕಾರ್ಖಾನೆಗಳ 18,254 ಕಾರ್ಮಿಕರ ಅಧ್ಯಯನ ಹೊರಬಂತು. ಈ ಅನಿಲದ ಬಗ್ಗೆ ಆಗ ಅದಕ್ಕಿಂತ ದೊಡ್ಡ ಅಧ್ಯಯನ ಇರಲಿಲ್ಲ. ಅದರಲ್ಲಿ ಒಟ್ಟಾರೆಯಾಗಿ ಕ್ಯಾನ್ಸರ್ ಸಾವು ಹೆಚ್ಚಿರಲಿಲ್ಲ! ಹೆಚ್ಚು ಕಾಲ, ಹೆಚ್ಚು ಪ್ರಮಾಣದಲ್ಲಿ ಅನಿಲ ಸೇವಿಸಿದ ಗಂಡಸರಲ್ಲಿ ಮಾತ್ರ ರಕ್ತ ಮತ್ತು ದುಗ್ಧರಸದ ಕ್ಯಾನ್ಸರುಗಳು ಏರುವ ಸೂಚನೆ ಕಂಡಿತು. ಇಂಥ ಅಧ್ಯಯನಗಳಿಗೆ ಒಂದು ಹುಟ್ಟು ತೊಡಕಿದೆ. ಕಾರ್ಖಾನೆಗೆ ಕೆಲಸಕ್ಕೆ ಸೇರುವವರು ಸಾಮಾನ್ಯ ಜನರಿಗಿಂತ ಆರೋಗ್ಯವಂತರು. ಊರಿನ ಸರಾಸರಿಗೆ ಹೋಲಿಸಿದರೆ ಅವರಲ್ಲಿ ಸಾವು ಹೇಗೂ ಕಡಿಮೆ. ಅನಿಲ ತಂದ ಹಾನಿ ಆ ಆರೋಗ್ಯದ ಮರೆಯಲ್ಲಿ ಅಡಗಿಬಿಡಬಹುದು.

ಇಷ್ಟು ಕಾಗದಗಳೊಂದಿಗೆ 1994ರ ಫೆಬ್ರವರಿಯಲ್ಲಿ ತಜ್ಞರು ಫ್ರಾನ್ಸಿನ ಲಿಯೋನ್ ನಗರದಲ್ಲಿ ಸೇರಿದರು. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾಗಿ 1965ರಲ್ಲಿ ಹುಟ್ಟಿದ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ, ಅಂದರೆ ಐಎಆರ್‌ಸಿ, ಇರುವುದು ಅಲ್ಲಿ. ಅದು ಸರ್ಕಾರವಲ್ಲ, ಅದರ ಮಾತು ಕಾನೂನೂ ಅಲ್ಲ. ಆದರೂ ಲೋಕದ ಬಹುತೇಕ ಸರ್ಕಾರಗಳು ತಮ್ಮ ಪಟ್ಟಿ ತಯಾರಿಸುವಾಗ ಮೊದಲು ತಿರುಗಿ ನೋಡುವುದು ಅದರ ಕಡೆಗೆ. ಒಂದು ಸಭೆ ಎಂದರೆ ಸುಮಾರು ಒಂದು ವಾರದ ದುಡಿಮೆ. ತಜ್ಞರು ಗುಂಪುಗಳಾಗಿ ಹಂಚಿಕೊಳ್ಳುತ್ತಾರೆ. ಒಂದು ಗುಂಪು ಮಾನವ ಅಧ್ಯಯನಗಳನ್ನು, ಇನ್ನೊಂದು ಪ್ರಾಣಿ ಪ್ರಯೋಗಗಳನ್ನು, ಮತ್ತೊಂದು ಜೀವಕೋಶದೊಳಗೆ ಏನು ನಡೆಯುತ್ತದೆ ಎಂಬುದನ್ನು ತೂಗುತ್ತದೆ. ಪ್ರಕಟವಾದ, ಯಾರು ಬೇಕಾದರೂ ಓದಬಹುದಾದ ಪುರಾವೆಯನ್ನು ಮಾತ್ರ ಪರಿಗಣಿಸಬೇಕು. ಉದ್ಯಮದ ಪ್ರತಿನಿಧಿಗಳು ವೀಕ್ಷಕರಾಗಿ ಕೂರಬಹುದು, ತೀರ್ಪು ಬರೆಯುವ ಹಾಗಿಲ್ಲ. ಪುರಾವೆ ‘ಸಾಕಷ್ಟಿದೆ’, ‘ಸೀಮಿತವಾಗಿದೆ’, ‘ಸಾಲದು’ ಎಂದು ಪ್ರತಿ ಗುಂಪೂ ದರ್ಜೆ ಕೊಡುತ್ತದೆ. ಕೊನೆಗೆ ಎಲ್ಲರೂ ಒಟ್ಟಿಗೆ ಕೂತು ಆ ದರ್ಜೆಗಳನ್ನು ಸೇರಿಸಿ ವಸ್ತುವನ್ನು ಒಂದು ಗುಂಪಿಗೆ ಹಾಕುತ್ತಾರೆ. ಗುಂಪು 1 ಎಂದರೆ ಮನುಷ್ಯರಲ್ಲಿ ಕ್ಯಾನ್ಸರ್‌ಕಾರಕ. 2ಎ ಎಂದರೆ ಬಹುಶಃ ಹೌದು. 2ಬಿ ಎಂದರೆ ಇರಬಹುದು. 3 ಎಂದರೆ ಈಗಿನ ಪುರಾವೆಯಿಂದ ಹೇಳಲಾಗದು.

ಹಳೆಯ ಪದ್ಧತಿಯಲ್ಲಿ ಗುಂಪು 1ಕ್ಕೆ ಏರಲು ಇದ್ದದ್ದು ಒಂದೇ ಮೆಟ್ಟಿಲು: ಸಾಕಷ್ಟು ಮಾನವ ಪುರಾವೆ. ಅದನ್ನು ನೇರವಾಗಿ ಹೇಳಬೇಕು. ಸಾಕಷ್ಟು ಜನ ಸಾಯುವವರೆಗೆ, ಅವರ ಸಾವನ್ನು ಯಾರಾದರೂ ಎಣಿಸಿ ಬರೆಯುವವರೆಗೆ ಯಾವ ವಸ್ತುವೂ ಆ ಗುಂಪಿಗೆ ಸೇರುತ್ತಿರಲಿಲ್ಲ. ಎಥಿಲೀನ್ ಆಕ್ಸೈಡಿನ ಮಾನವ ಪುರಾವೆಗೆ ಲಿಯೋನಿನ ಸಭೆ ಕೊಟ್ಟ ದರ್ಜೆ ‘ಸೀಮಿತ’. ಹಳೆಯ ಲೆಕ್ಕದಲ್ಲಿ ಅದು 2ಎಯಲ್ಲಿ ನಿಲ್ಲಬೇಕಿತ್ತು.

ನಿಲ್ಲಲಿಲ್ಲ. ಅದನ್ನು ಮೇಲಕ್ಕೆತ್ತಿದ್ದು ರಕ್ತ.

ಸ್ಟಾಕ್‌ಹೋಮಿನ ಲಾರ್ಸ್ ಎರೆನ್‌ಬರಿ ಮತ್ತು ಸಂಗಡಿಗರು ಒಂದು ಸೊಗಸಾದ ಅಳತೆಯ ವಿಧಾನ ಕಂಡುಹಿಡಿದಿದ್ದರು. ಎಥಿಲೀನ್ ಆಕ್ಸೈಡ್ ಡಿಎನ್‌ಎಗೆ ಅಂಟುವ ಹಾಗೆಯೇ ರಕ್ತದ ಹಿಮೋಗ್ಲೋಬಿನ್‌ಗೂ ಅಂಟುತ್ತದೆ. ಡಿಎನ್‌ಎಯ ಹಾನಿಯನ್ನು ಜೀವಕೋಶ ರಿಪೇರಿ ಮಾಡುತ್ತದೆ, ಗುರುತು ಅಳಿಸಿಹೋಗುತ್ತದೆ. ಹಿಮೋಗ್ಲೋಬಿನ್‌ಗೆ ಅಂಥ ರಿಪೇರಿ ಇಲ್ಲ. ಅಂಟಿದ್ದು ಕೆಂಪು ರಕ್ತಕಣ ಸಾಯುವವರೆಗೆ ಅಂಟಿಕೊಂಡೇ ಇರುತ್ತದೆ. ಕೆಂಪು ಕಣದ ಆಯುಷ್ಯ ಸುಮಾರು 120 ದಿನ. ಹಾಗಾಗಿ ಕಾರ್ಮಿಕನ ಒಂದು ಚಮಚ ರಕ್ತ ತೆಗೆದರೆ ಕಳೆದ ನಾಲ್ಕು ತಿಂಗಳಲ್ಲಿ ಅವನ ಮೈಯೊಳಗೆ ಎಷ್ಟು ಅನಿಲ ಹೊಕ್ಕಿದೆ ಎಂಬ ಲೆಕ್ಕ ಸಿಗುತ್ತದೆ. ಅವನ ಬಿಳಿ ರಕ್ತಕಣಗಳಲ್ಲಿ ವರ್ಣತಂತುಗಳು ತುಂಡಾಗಿರುವುದೂ ಸೂಕ್ಷ್ಮದರ್ಶಕದಲ್ಲಿ ಕಾಣುತ್ತದೆ. ಇಲಿಯ ಮೈಯಲ್ಲಿ ನಡೆದದ್ದೇ ಮನುಷ್ಯನ ಮೈಯಲ್ಲೂ ನಡೆಯುತ್ತಿದೆ ಎಂಬುದಕ್ಕೆ ಸಾವಿನ ಪಟ್ಟಿಗಾಗಿ ಕಾಯದೆ ಸಿಕ್ಕ ಸಾಕ್ಷಿ ಅದು. 1990ರ ದಶಕದ ಆರಂಭದಲ್ಲಷ್ಟೇ ಐಎಆರ್‌ಸಿ ತನ್ನ ನಿಯಮ ಬದಲಿಸಿ ಇಂಥ ಸಾಕ್ಷಿಗೂ ತೂಕ ಕೊಡಲು ಒಪ್ಪಿತ್ತು. ಎಥಿಲೀನ್ ಆಕ್ಸೈಡ್ ಆ ದಾರಿಯಲ್ಲಿ ಗುಂಪು 1ಕ್ಕೆ ಏರಿದ ಮೊದಮೊದಲ ವಸ್ತುಗಳಲ್ಲಿ ಒಂದು. ಈ ವರ್ಗೀಕರಣದ ಇತಿಹಾಸದಲ್ಲಿ ಇದಕ್ಕಿಂತ ಮಾನವೀಯವಾದ ಬದಲಾವಣೆ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ.

ಇಲ್ಲಿಂದ ಸರ್ಕಾರಗಳ ಕೆಲಸ. ಅಮೆರಿಕದ ಸಂಸತ್ತು 1978ರಲ್ಲಿ ಒಂದು ಕಾನೂನು ಮಾಡಿ, ಕ್ಯಾನ್ಸರ್‌ಕಾರಕಗಳ ಪಟ್ಟಿಯನ್ನು ಕಾಲಕಾಲಕ್ಕೆ ಪ್ರಕಟಿಸಬೇಕೆಂದು ಆರೋಗ್ಯ ಇಲಾಖೆಗೆ ಆಜ್ಞಾಪಿಸಿತು. ಅಲ್ಲಿ ಇರುವುದು ಎರಡೇ ದರ್ಜೆ: ‘ಖಚಿತವಾಗಿ ಗೊತ್ತಿರುವ’ ಮತ್ತು ‘ಹಾಗೆಂದು ನಿರೀಕ್ಷಿಸಲು ಸಕಾರಣವಿರುವ’. 2021ರ ಡಿಸೆಂಬರಿನ 15ನೇ ವರದಿಯಲ್ಲಿ ಎರಡೂ ಸೇರಿ 256 ಹೆಸರುಗಳಿವೆ. ಎಥಿಲೀನ್ ಆಕ್ಸೈಡ್ ಎರಡನೇ ದರ್ಜೆಯಿಂದ ಮೊದಲನೆಯದಕ್ಕೆ ಬಡ್ತಿ ಪಡೆದದ್ದು 2000ರಲ್ಲಿ. ಯುರೋಪಿನ ಕಾನೂನಿನಲ್ಲಿ 1ಎ ದರ್ಜೆಗೆ ಮುಖ್ಯವಾಗಿ ಮಾನವ ಪುರಾವೆಯೇ ಬೇಕು. ಪ್ರಾಣಿಗಳ ಪುರಾವೆಯ ಮೇಲೆ ನಿಂತದ್ದು 1ಬಿ. ಆದ್ದರಿಂದ ನಮ್ಮ ಅನಿಲ ಅಲ್ಲಿ 1ಬಿ. ಆದರೆ ಯುರೋಪಿನಲ್ಲಿ ಎರಡೂ ದರ್ಜೆಗಳ ಪರಿಣಾಮ ಹೆಚ್ಚುಕಡಿಮೆ ಒಂದೇ. ಡಬ್ಬಿಯ ಮೇಲೆ ಅದೇ ಎಚ್ಚರಿಕೆಯ ಸಾಲು, ಅದೇ ಚಿತ್ರ: ಕೆಂಪು ಚೌಕಟ್ಟಿನೊಳಗೆ ಎದೆ ಸೀಳಿದಂತೆ ಬಿಳಿ ನಕ್ಷತ್ರವಿರುವ ಕಪ್ಪು ಮನುಷ್ಯಾಕೃತಿ. ಬೆಂಗಳೂರಿನ ಕಾಲೇಜು ಪ್ರಯೋಗಾಲಯದ ಬಾಟಲಿಗಳ ಮೇಲೂ ಆ ಚಿತ್ರ ಕಾಣಸಿಗುತ್ತದೆ. ವಿದ್ಯಾರ್ಥಿಗಳು ಅದನ್ನು ಗಮನಿಸಲಿ.

ಈಗ ಎಳ್ಳಿನ ಒಗಟು ಸಡಿಲವಾಗುತ್ತದೆ. ಮೂರೂ ಪಟ್ಟಿಗಳು ಉತ್ತರಿಸಿದ್ದು ಒಂದೇ ಪ್ರಶ್ನೆಗೆ: ಈ ವಸ್ತುವಿಗೆ ಕ್ಯಾನ್ಸರ್ ತರುವ ಗುಣ ಇದೆಯೆಂದು ನಾವೆಷ್ಟು ನಿಶ್ಚಯವಾಗಿ ಹೇಳಬಲ್ಲೆವು? ಎಷ್ಟು ಪ್ರಮಾಣದಲ್ಲಿ, ಎಷ್ಟು ಜನರಿಗೆ ತಂದೀತು ಎಂಬುದು ಬೇರೆ ಪ್ರಶ್ನೆ. ಅದನ್ನು ಎಷ್ಟರಮಟ್ಟಿಗೆ ಸಹಿಸಬೇಕು ಎಂಬುದು ಮೂರನೆಯದು, ಅದು ರಾಜಕೀಯದ ಪ್ರಶ್ನೆ. ಯುರೋಪು ಆಹಾರಕ್ಕೆ ಈ ಅನಿಲ ಹಾಯಿಸುವುದನ್ನು 1991ರಲ್ಲೇ ನಿಷೇಧಿಸಿತು; 0.05 ಮಿಲಿಗ್ರಾಂ ಎಂಬುದು ಯಂತ್ರಗಳು ನಂಬಿಕೆಯಿಂದ ಅಳೆಯಬಲ್ಲ ಅತಿ ಕಡಿಮೆ ಪ್ರಮಾಣದ ಆಸುಪಾಸಿನದು, ಅಂದರೆ ಇರಲೇಬಾರದು ಎಂಬ ಅರ್ಥದ್ದು. ಅಮೆರಿಕ ಮಾತ್ರ ರೋಗಾಣುವಿನ ಅಪಾಯವನ್ನೂ ತಕ್ಕಡಿಗೆ ಹಾಕಿ, ಒಂದಿಷ್ಟು ಉಳಿಯಲಿ ಎಂದು ಬಿಟ್ಟಿತು. ಭಾರತದಲ್ಲಿ ಆಹಾರಕ್ಕೆ ಇದನ್ನು ಬಳಸಲು ಅನುಮತಿ ಇಲ್ಲ. ಹಬೆಯಿಂದ ರೋಗಾಣು ಕೊಲ್ಲುವ ಯಂತ್ರಗಳು ಇರುವಾಗ ಸಾಂಬಾರ ಪದಾರ್ಥಕ್ಕೆ ಈ ಅನಿಲ ಹಾಯಿಸುವುದಕ್ಕೆ ನನಗಂತೂ ಯಾವ ಸಮರ್ಥನೆಯೂ ಕಾಣದು.

ಪಟ್ಟಿಯಲ್ಲಿರುವ ಸ್ಥಾನಕ್ಕೂ ಸರ್ಕಾರದ ಕ್ರಮಕ್ಕೂ ನೇರ ಗಂಟು ಇಲ್ಲದಿರುವುದನ್ನು ನೋಡಲು ಯುರೋಪಿಗೆ ಹೋಗಬೇಕಾಗಿಲ್ಲ. 2024ರ ಮಾರ್ಚಿನಲ್ಲಿ ಕರ್ನಾಟಕ ಸರ್ಕಾರ ಬಣ್ಣದ ಕಾಟನ್ ಕ್ಯಾಂಡಿಯನ್ನೂ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನೂ ನಿಷೇಧಿಸಿತು. ಪರೀಕ್ಷಿಸಿದ 171 ಗೋಬಿ ಮಾದರಿಗಳಲ್ಲಿ 107 ಅಸುರಕ್ಷಿತವಾಗಿದ್ದವು. ಹೆಚ್ಚು ಸುದ್ದಿಯಾದ ಬಣ್ಣ ರೋಡಮಿನ್-ಬಿ. ಅದು ಐಎಆರ್‌ಸಿಯ ಪಟ್ಟಿಯಲ್ಲಿರುವುದು ಗುಂಪು 3ರಲ್ಲಿ, ‘ಹೇಳಲಾಗದು’ ಎಂಬ ಗುಂಪಿನಲ್ಲಿ. ನಿಷೇಧ ತಪ್ಪೇ? ಖಂಡಿತ ಅಲ್ಲ. ಆಹಾರಕ್ಕೆ ಹಾಕಬಹುದಾದ ಬಣ್ಣಗಳ ಹೆಸರನ್ನು ನಮ್ಮ ಕಾನೂನು ಒಂದೊಂದಾಗಿ ಬರೆದಿಟ್ಟಿದೆ. ಅದರಲ್ಲಿ ಇಲ್ಲದ್ದನ್ನು ಹಾಕುವಂತಿಲ್ಲ. ಬಟ್ಟೆಗೆ ಹಾಕುವ ಬಣ್ಣವನ್ನು ಮಕ್ಕಳ ಬಾಯಿಗೆ ಹಾಕಬಾರದೆನ್ನಲು ಕ್ಯಾನ್ಸರಿನ ಪುರಾವೆಗಾಗಿ ಕಾಯಬೇಕಾಗಿಲ್ಲ.

ಇನ್ನೊಂದು ತುದಿಯಲ್ಲಿ ಅಡಿಕೆ ಇದೆ. ಇದನ್ನು ಬರೆಯುವಾಗ ಮಲೆನಾಡು, ಕರಾವಳಿಯ ತೋಟಗಳನ್ನೇ ನಂಬಿದ ಮನೆಗಳು ಕಣ್ಣ ಮುಂದೆ ಬರುತ್ತವೆ, ಆದರೂ ಬರೆಯಬೇಕು. 1985ರಲ್ಲಿ ಐಎಆರ್‌ಸಿ ಹೊಗೆಸೊಪ್ಪು ಸೇರಿದ ಎಲೆ-ಅಡಿಕೆಯನ್ನು ಕ್ಯಾನ್ಸರ್‌ಕಾರಕ ಎಂದಿತು. ಹೊಗೆಸೊಪ್ಪು ಇಲ್ಲದ ಎಲೆ-ಅಡಿಕೆಯ ಬಗ್ಗೆ ಪುರಾವೆ ಸಾಲದು ಎಂದಿತು. ನಮ್ಮಲ್ಲಿ ಎರಡನ್ನೂ ಒಟ್ಟಿಗೆ ಜಗಿಯುವವರು ಹೆಚ್ಚಾದ್ದರಿಂದ ಹಾನಿ ಯಾವುದರಿಂದ ಎಂದು ಬಿಡಿಸಿ ಹೇಳುವುದು ಕಷ್ಟವಿತ್ತು. ಆ ಗಂಟು ಬಿಡಿಸಿದ್ದು ತೈವಾನ್. ಅಲ್ಲಿನವರು ಅಡಿಕೆಯನ್ನು ಹೊಗೆಸೊಪ್ಪು ಸೇರಿಸದೆ ಜಗಿಯುತ್ತಾರೆ. ಅವರಲ್ಲೂ ಬಾಯಿಯ ಕ್ಯಾನ್ಸರ್ ಹೆಚ್ಚಿತ್ತು. 2003ರ ಸಭೆಯಲ್ಲಿ ಹೊಗೆಸೊಪ್ಪಿಲ್ಲದ ಎಲೆ-ಅಡಿಕೆಯೂ, ಅಡಿಕೆ ತಾನೇ ತಾನಾಗಿಯೂ ಗುಂಪು 1ಕ್ಕೆ ಸೇರಿದವು. ಇದರಿಂದ ಅಡಿಕೆ ಮತ್ತು ಸಿಗರೇಟಿನ ಹೊಗೆ ಸಮಸಮ ಎಂದು ತಿಳಿಯಬೇಕಾಗಿಲ್ಲ. ಬಡಗಿಯ ಮನೆಯ ಮರದ ಪುಡಿಯೂ ಅದೇ ಗುಂಪಿನಲ್ಲಿದೆ. ಗುಂಪು ಹೇಳುವುದು ನಿಶ್ಚಯದ ಮಟ್ಟವನ್ನು, ವಿಷದ ತೀವ್ರತೆಯನ್ನಲ್ಲ. ಅಡಿಕೆಯ ಮಟ್ಟಿಗೆ ಆ ನಿಶ್ಚಯ ಗಟ್ಟಿಯಾಗಿದೆ. ಅದನ್ನು ಪಿತೂರಿ ಎಂದು ತಳ್ಳಿಹಾಕುವುದು ಬೆಳೆಗಾರನಿಗೂ ಒಳ್ಳೆಯದಲ್ಲ, ಜಗಿಯುವವನಿಗೂ ಅಲ್ಲ.

ಪಟ್ಟಿಯಿಂದ ಹೊರಬಂದವೂ ಇವೆ. ಸ್ಯಾಕರಿನ್ ತಿಂದ ಇಲಿಗಳಿಗೆ ಮೂತ್ರಕೋಶದ ಗೆಡ್ಡೆ ಬಂತೆಂದು 1977ರಲ್ಲಿ ಅಮೆರಿಕದಲ್ಲಿ ದೊಡ್ಡ ಗದ್ದಲವೆದ್ದಿತು. 1981ರಲ್ಲಿ ಅದು ಸರ್ಕಾರದ ಪಟ್ಟಿಗೂ ಸೇರಿತು. ಆಮೇಲೆ ತಿಳಿದದ್ದು, ಇಲಿಯ ಮೂತ್ರದಲ್ಲಿ ಮಾತ್ರ ಅದರಿಂದ ಕ್ಯಾಲ್ಸಿಯಂ ಫಾಸ್ಫೇಟಿನ ಹರಳುಗಳು ಗಟ್ಟಿಯಾಗಿ ಮೂತ್ರಕೋಶದ ಒಳಪದರವನ್ನು ಗೀರುತ್ತವೆ, ಮನುಷ್ಯರಲ್ಲಿ ಹಾಗಾಗದು. 2000ರಲ್ಲಿ ಹೆಸರು ತೆಗೆದರು. ಎಥಿಲೀನ್ ಆಕ್ಸೈಡನ್ನು ಮೇಲಕ್ಕೆತ್ತಿದ ಜೀವಕೋಶದ ಸಾಕ್ಷಿಯೇ ಸ್ಯಾಕರಿನ್ನನ್ನು ಬಿಡುಗಡೆ ಮಾಡಿತು.

ಎಷ್ಟು ಪ್ರಮಾಣ ಎಷ್ಟು ಹಾನಿ ಎಂಬ ಎರಡನೇ ಪ್ರಶ್ನೆಯಲ್ಲಿ ಜಗಳ ಇನ್ನೂ ಮುಗಿದಿಲ್ಲ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2016ರಲ್ಲಿ ಲೆಕ್ಕ ಹಾಕಿ, ಒಂದು ಘನ ಮೀಟರ್ ಗಾಳಿಯಲ್ಲಿ 0.0002 ಮೈಕ್ರೊಗ್ರಾಂ ಎಥಿಲೀನ್ ಆಕ್ಸೈಡನ್ನು ಜೀವಮಾನವಿಡೀ ಉಸಿರಾಡಿದರೆ ಹತ್ತು ಲಕ್ಷದಲ್ಲಿ ಒಬ್ಬರಿಗೆ ಹೆಚ್ಚುವರಿ ಕ್ಯಾನ್ಸರ್ ಬರಬಹುದು ಎಂದಿತು. ಈ ಲೆಕ್ಕ ಹೊರಬಿದ್ದ ಮೇಲೆ ಷಿಕಾಗೊ ಹತ್ತಿರದ ವಿಲೋಬ್ರೂಕ್ ಎಂಬ ಊರಿನವರಿಗೆ ತಮ್ಮ ಪಕ್ಕದಲ್ಲೇ ವೈದ್ಯಕೀಯ ಸಾಧನಗಳಿಗೆ ಈ ಅನಿಲ ಹಾಯಿಸುವ ಘಟಕ ಇರುವುದರ ಅರ್ಥ ಗೊತ್ತಾಯಿತು. 2019ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಅದಕ್ಕೆ ಬೀಗಮುದ್ರೆ ಹಾಕಿತು. ಮರುವರ್ಷ ಟೆಕ್ಸಾಸ್ ರಾಜ್ಯದ ಪರಿಸರ ಇಲಾಖೆ ತನ್ನದೇ ಲೆಕ್ಕ ಮುಂದಿಟ್ಟಿತು. ಎರಡಕ್ಕೂ ಎರಡು ಸಾವಿರ ಪಟ್ಟಿಗೂ ಹೆಚ್ಚು ಅಂತರ. ಇಬ್ಬರೂ ಹಿಡಿದದ್ದು ಅದೇ ಹದಿನೆಂಟು ಸಾವಿರ ಕಾರ್ಮಿಕರ ಅಂಕಿಅಂಶ. ಪ್ರಮಾಣ ತೀರಾ ಕಡಿಮೆ ಇರುವಲ್ಲಿ ಹಾನಿಯ ಗೆರೆ ಕಡಿದಾಗಿ ಏರುತ್ತದೋ, ನಿಧಾನವಾಗಿ ಏರುತ್ತದೋ ಎಂಬುದರ ಮೇಲೆ ವ್ಯತ್ಯಾಸದ ಬಹುಪಾಲು ನಿಂತಿದೆ. ನಮ್ಮ ಮೈಯೇ ಈ ಅನಿಲವನ್ನು ಚೂರುಪಾರು ತಯಾರಿಸಿಕೊಳ್ಳುತ್ತದೆ ಎಂಬ ಸಂಗತಿ ಈ ವಾದಕ್ಕೆ ಮತ್ತಷ್ಟು ಸಿಕ್ಕು ಸೇರಿಸಿದೆ.

ಆ ಕಾರ್ಮಿಕರ ವಿಷಯ ಇನ್ನೊಂದು ಕಾರಣಕ್ಕೆ ನನ್ನನ್ನು ಕಾಡುತ್ತದೆ. ಅವರಲ್ಲಿ 7,576 ಮಹಿಳೆಯರನ್ನು ಮತ್ತೆ ಹುಡುಕಿ 2003ರಲ್ಲಿ ಸ್ತನ ಕ್ಯಾನ್ಸರಿನ ಅಧ್ಯಯನ ಮಾಡಲು ಸಾಧ್ಯವಾದದ್ದು ಹೇಗೆ? ಯಾರು ಯಾವ ವಿಭಾಗದಲ್ಲಿ ಎಷ್ಟು ವರ್ಷ ದುಡಿದರು ಎಂಬ ದಾಖಲೆ ಕಾರ್ಖಾನೆಗಳಲ್ಲಿ ಉಳಿದಿತ್ತು. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯ ಕ್ಯಾನ್ಸರ್ ನೋಂದಣಿ 1982ರಿಂದ ನಡೆದು ಬಂದಿದೆ. ಯಾರಿಗೆ ಯಾವ ಕ್ಯಾನ್ಸರ್ ಬಂತು ಎಂಬ ಲೆಕ್ಕ ಅಲ್ಲಿದೆ. ಆದರೆ ಈ ವರ್ಷ ಒಂದು ಗುತ್ತಿಗೆದಾರನ ಕೈಕೆಳಗೆ, ಮುಂದಿನ ವರ್ಷ ಇನ್ನೊಬ್ಬನ ಕೈಕೆಳಗೆ ದುಡಿಯುವ ಕಾರ್ಮಿಕ ಯಾವ ಡ್ರಮ್ಮಿನ ಪಕ್ಕ ಎಷ್ಟು ಕಾಲ ನಿಂತಿದ್ದ ಎಂದು ಬರೆದಿಡುವವರು ಯಾರು? ಭೋಪಾಲದ ದುರಂತದ ನಂತರ 1987ರಲ್ಲಿ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು, ಅಪಾಯಕಾರಿ ಕೆಲಸ ಮಾಡುವವರ ಆರೋಗ್ಯ ದಾಖಲೆ ಇಡಬೇಕೆಂದೂ ಅದು ಕಾರ್ಮಿಕರ ಕೈಗೆ ಸಿಗಬೇಕೆಂದೂ ಸೇರಿಸಲಾಯಿತು. ಅಮೆರಿಕದ ನಿಯಮದಲ್ಲಿ ಎಥಿಲೀನ್ ಆಕ್ಸೈಡಿನ ಜೊತೆ ಕೆಲಸ ಮಾಡಿದವರ ವೈದ್ಯಕೀಯ ದಾಖಲೆಯನ್ನು ಅವರು ಕೆಲಸ ಬಿಟ್ಟು 30 ವರ್ಷ ಕಳೆಯುವವರೆಗೆ ಕಾಪಾಡಬೇಕು. ಕೆಲವು ಕ್ಯಾನ್ಸರುಗಳು ಕಾಣಿಸಿಕೊಳ್ಳಲು ಅಷ್ಟು ಕಾಲ ಬೇಕಾಗಬಹುದು.